ದೇವವ್ವನ ಮಸಾರಿ ಹೊಲ

ಸೊರಟೂರಿನಲ್ಲಿ ಈಗ ದೇವವ್ವನ ಮಸಾರಿ ಹೊಲದ ಮಾತೆತ್ತಿದರೆ ಯಾರೂ ಬಾಯಿ ಬಿಡುವುದಿಲ್ಲ. ಎರಡು ವರ್ಷದ ಹಿಂದೆ ಕೇಳಿದ್ದರೆ ಊರ ಅರ್ಧ ಮಂದಿ ನಿಮ್ಮ ಕೈ ಹಿಡಿದು ಅಲ್ಲಿಗೆ ಕರೆದೊಯ್ದು, ಬಗ್ಗಿ ಒಂದು ಹಿಡಿ ಮಣ್ಣು ತೆಗೆದು, ನಿಮ್ಮ ಮೂಗಿಗೇ ಹಿಡಿಯುತ್ತಿದ್ದರು. ಅದಕ್ಕೂ ಹದಿನೈದು ವರ್ಷದ ಹಿಂದೆ ಕೇಳಿದ್ದರೆ ನಕ್ಕು ಕಳಿಸುತ್ತಿದ್ದರು. ಆಗ ಅದು ಹೊಲವೇ ಆಗಿರಲಿಲ್ಲ. ಇಳಿಜಾರಿನ ಕೆಂಪು ನೆಲ, ಗೇಣುದ್ದ ಅಗೆದರೆ ಗರಸು ಕಲ್ಲು, ಮಳೆ ಬಂದರೆ ಇದ್ದಷ್ಟು ಮಣ್ಣೂ ಹಳ್ಳಕ್ಕೆ.

ದೇವವ್ವ ಬಾಳೆಹೊಸೂರಿನ ಮಗಳು. ಹೆಣ್ಣು ಕೊಡುವ ಮೊದಲು ಅವಳ ಅಪ್ಪ ಹೊಲ ನೋಡಲು ಸೊರಟೂರಿಗೆ ಬಂದಿದ್ದಾಗ ಬೀಗರು ರಸ್ತೆಯ ಕೆಳಗಿನ ನಾಲ್ಕು ಎಕರೆ ಯರಿ ಹೊಲವನ್ನು ಬದುವಿನಿಂದ ಬದುವಿಗೆ ತಿರುಗಾಡಿಸಿ ತೋರಿಸಿದ್ದರು. ಕಪ್ಪು ಮಣ್ಣು, ಹಿಂಗಾರಿಗೆ ಕಡಲೆ, ಬಿಳಿಜೋಳ. ಮೇಲಿನ ನಾಲ್ಕು ಎಕರೆ ಮಸಾರಿಯ ಸುದ್ದಿಯನ್ನೇ ಎತ್ತಲಿಲ್ಲ. ಮದುವೆಯಾಗಿ ಬಂದ ಮೇಲೆ ಅವಳು ಗಂಡ ಕುಬೇರಪ್ಪನನ್ನು ಕೇಳಿದಾಗ ಅವನು, ಅದು ಲೆಕ್ಕಕ್ಕುಂಟು ಆಟಕ್ಕಿಲ್ಲ ಎಂದು ಕೈ ಕೊಡವಿ ಎದ್ದಿದ್ದ. ಯರಿ ಹೊಲ ಇದ್ದವರಿಗೆ ಊರಿನಲ್ಲಿ ಒಂದು ತೂಕ, ಮಸಾರಿ ಇದ್ದವರಿಗೆ ಇನ್ನೊಂದು. ಈ ತೂಕವನ್ನೇ ನಂಬಿ ಮುಂದೆ ದೇವವ್ವ ಕೆಟ್ಟಳು. ಅದು ಆಮೇಲಿನ ಮಾತು.

ಕುಬೇರಪ್ಪ ಕಾಮಾಲೆಯಾಗಿ ತೀರಿಕೊಂಡಾಗ ಮಗಳು ಮಮತಾಳಿಗೆ ಹನ್ನೊಂದು ವರ್ಷ. ಅವನ ತಮ್ಮ ಸುಭಾಷ ಗದಗಿನ ಬಸ್ ಡಿಪೋದಲ್ಲಿ ಮೆಕ್ಯಾನಿಕ್. ದಿನಗಳು ಮುಗಿದ ಮೇಲೆ ಅವನು ಕೂತು ವ್ಯವಸ್ಥೆ ಮಾಡಿ ಹೋದ. ಯರಿ ಹೊಲವನ್ನು ಊರಿನವರೊಬ್ಬರಿಗೆ ಲಾವಣಿಗೆ, ಅಂದರೆ ವರ್ಷದ ಗೇಣಿಗೆ, ಕೊಡುವುದು, ವರ್ಷಕ್ಕೆ ಬಂದದ್ದನ್ನು ಇಬ್ಬರೂ ಅರ್ಧರ್ಧ ಮಾಡಿಕೊಳ್ಳುವುದು. ಆ ಹಣದಲ್ಲಿ ಅವನು ಒಂದು ಪೈಸೆಯನ್ನೂ ಅತ್ತಿತ್ತ ಮಾಡಲಿಲ್ಲ, ಸುಳ್ಳು ಯಾಕೆ ಹೇಳಬೇಕು. ಮಸಾರಿಯನ್ನು ಲಾವಣಿಗೆ ಕೇಳುವವರೇ ಇರಲಿಲ್ಲ. ಅದನ್ನು ನೀವೇ ನೋಡಿಕೊಳ್ಳಿ ವೈನಿ ಎಂದು ಅಣ್ಣನ ಹೆಂಡತಿಯ ಪಾಲಿಗೆ ಅದನ್ನು ಬಿಟ್ಟು ಹೋದ.

ದೇವವ್ವ ನೋಡಿಕೊಂಡಳು. ಹೇಗೆ ನೋಡಿಕೊಂಡಳೆಂದರೆ, ಮೊದಲ ಎರಡು ಬೇಸಿಗೆ ಬರೀ ಕಲ್ಲು ಆರಿಸಿದಳು. ಬುಟ್ಟಿಗಟ್ಟಲೆ ಕಲ್ಲು ಹೊತ್ತು, ಇಳಿಜಾರಿಗೆ ಅಡ್ಡವಾಗಿ ಸಾಲು ಹಿಡಿದು ಒಡ್ಡು ಹಾಕಿದಳು. ಮೂರನೆಯ ಬೇಸಿಗೆಯಲ್ಲಿ ಊರ ಕೆರೆಯ ಹೂಳು ತೆಗೆದರು. ಟ್ರ್ಯಾಕ್ಟರ್ ತಂದವರಿಗೆ ಮಣ್ಣು ಪುಕ್ಕಟೆ. ಟ್ರ್ಯಾಕ್ಟರ್ ಪುಕ್ಕಟೆ ಬರುತ್ತದೆಯೇ? ತವರಿನಿಂದ ಬಂದ ಬಂಗಾರದ ಬೋರಮಾಳ ಸರ ಗದಗಿಗೆ ಮಾರಾಟಕ್ಕೆ ಹೋಯಿತು, ನಲವತ್ತು ಟ್ರಿಪ್ ಕೆರೆಮಣ್ಣು ಮಸಾರಿಗೆ ಬಂತು. ಆ ವರ್ಷ ಬಿತ್ತಿದ ಶೇಂಗಾ ಏನಾಯಿತು ಗೊತ್ತೇ? ಜಿಗುಟು ಕೆರೆಮಣ್ಣು ಒಣಗಿ ಹಂಚಿನಂತೆ ಗಟ್ಟಿಯಾಯಿತು. ಬಳ್ಳಿ ಹೂ ಬಿಟ್ಟಿತು, ಕಾಯಿ ಕಟ್ಟುವ ಎಳೆ ನೆಲದೊಳಗೆ ಇಳಿಯಲಾರದೆ ಮೇಲೆಯೇ ಸುಟ್ಟುಹೋಯಿತು. ಸರವೂ ಹೋಯಿತು, ಶೇಂಗಾವೂ ಹೋಯಿತು. ಬದುವಿನ ಮೇಲೆ ಕೂತು ಅವಳು ಅತ್ತದ್ದನ್ನು ಆ ದಾರಿಯಲ್ಲಿ ಹೋದವರೆಲ್ಲ ನೋಡಿದ್ದಾರೆ.

ಬೇರೆಯವರಾದರೆ ಅಲ್ಲಿಗೆ ಕೈ ತೊಳೆದುಕೊಳ್ಳುತ್ತಿದ್ದರು. ದೇವವ್ವನ ಹಟ ಕೆಟ್ಟ ಹಟ. ಕೆರೆಮಣ್ಣು ಬಿರಿಯಬೇಕಾದರೆ ಗೊಬ್ಬರ ಬೆರೆಯಬೇಕು ಎಂದು ಯಾರೋ ಹೇಳಿದರು. ಮನೆಯಲ್ಲಿ ಇದ್ದದ್ದು ಒಂದು ಎಮ್ಮೆ. ತಾಯಿ ಮಗಳು ನಸುಕಿನಲ್ಲಿ ಎದ್ದು ದನ ಹಾಯ್ದ ದಾರಿಯಲ್ಲಿ ಸೆಗಣಿ ಬಳಿಯತೊಡಗಿದರು. ಮುಂದಿನ ವರ್ಷ ಸೆಣಬು ಬಿತ್ತಿ, ಹಳದಿ ಹೂ ತುಂಬಿ ಹೊಲ ಚೆಂದ ಕಾಣುತ್ತಿರುವಾಗ ಗೊಬ್ಬರವಾಗಲೆಂದು ಅಷ್ಟನ್ನೂ ನೆಲಕ್ಕೆ ಹಾಕಿ ಉಳುಮೆ ಮಾಡಿಸಿಬಿಟ್ಟಳು. ಬೆಳೆದದ್ದನ್ನು ತಿನ್ನದೆ ಮಾರದೆ ಮಣ್ಣಿಗೆ ಹಾಕುವ ಹೆಂಗಸಿಗೆ ತಲೆ ಕೆಟ್ಟಿದೆ ಎಂದು ಊರು ಆಡಿಕೊಂಡಿತು. ಆ ವರ್ಷ ಮನೆಯಲ್ಲಿ ಎಷ್ಟೋ ದಿನ ಒಂದೇ ಹೊತ್ತು ರೊಟ್ಟಿ ಬಡಿದದ್ದು ಊರಿಗೆ ಗೊತ್ತಿರಲಿಲ್ಲ.

ಮಮತಾ ಹತ್ತನೆಯ ತರಗತಿಯಲ್ಲಿ ಇಡೀ ಶಾಲೆಗೆ ಎರಡನೆಯವಳಾಗಿ ಪಾಸಾದಳು. ಹುಡುಗಿಯನ್ನು ಗದಗಿನ ಕಾಲೇಜಿಗೆ ಹಚ್ಚಿರಿ, ಬಸ್ ಪಾಸು ಮಾಡಿಸಿಕೊಡುತ್ತೇನೆ ಎಂದು ಮಾಸ್ತರರೇ ಮನೆಗೆ ಬಂದು ಹೇಳಿದರು. ಅದೇ ಬೇಸಿಗೆ ಕುರಿ ಹಿಂಡಿನವರು ಬಂದಿದ್ದರು. ಇನ್ನೂರು ಕುರಿ ಒಂದು ರಾತ್ರಿ ಹೊಲದಲ್ಲಿ ನಿಂತರೆ ಅದರ ಹಿಕ್ಕೆ, ಗಂಜಲ ಎರಡು ಬಂಡಿ ಗೊಬ್ಬರಕ್ಕೆ ಸಮ. ಆದರೆ ಹಿಂಡು ಕದಲಿದ ಕೂಡಲೇ, ಬಿಸಿಲು ಏರುವ ಮೊದಲು, ಅದನ್ನು ಮಣ್ಣಿಗೆ ಮುಚ್ಚಬೇಕು. ಇಲ್ಲದಿದ್ದರೆ ಸತ್ವವೆಲ್ಲ ಬಿಸಿಲಿಗೆ ಹೋಗುತ್ತದೆ. ಒಬ್ಬಳ ಕೈಯಲ್ಲಿ ಆಗುವ ಕೆಲಸವಲ್ಲ. ಕುರಿ ಹೋದ ಮೇಲೆ ಬಿತ್ತನೆ, ಬಿತ್ತನೆಯ ಮೇಲೆ ಕಳೆ. ಕಾಲೇಜಿಗೆ ಹೆಸರು ಹಚ್ಚುವ ಕಡೆಯ ದಿನ ದೇವವ್ವ ಮಗಳನ್ನು ಬದುವಿನ ಮೇಲೆ ಕೂಡಿಸಿಕೊಂಡಳು.

“ಒಂದ ವರ್ಷ ತಡಿ, ನನ್ನವ್ವಾ,” ಎಂದಳು. “ಈ ಹೊಲಾ ನಿಂದ ಐತಿ. ನಿನ್ನ ಹೆಸರಿಗೆ ಮಾಡಸ್ತೀನಿ. ನೀ ಹೊತ್ತಿದ್ದೆಲ್ಲಾ ನಿನಗ ಬರ್ತೈತಿ.”

ಮಮತಾ ಒಂದು ವರ್ಷ ತಡೆದಳು. ಆಮೇಲೆ ಇನ್ನೊಂದು ವರ್ಷ. ಮೂರನೆಯ ವರ್ಷ ಮಾಸ್ತರರಿಗೆ ಬೇರೆ ಊರಿಗೆ ವರ್ಗವಾಯಿತು, ಕೇಳುವವರೂ ಇಲ್ಲವಾದರು.

ಹೊಲ ಮಾತ್ರ ಕೊಟ್ಟದ್ದನ್ನು ಇಟ್ಟುಕೊಂಡು ಸುಮ್ಮನಿರಲಿಲ್ಲ. ಏಳನೆಯ ವರ್ಷ ಗುದ್ದಲಿ ಹಾಕಿದರೆ ಮಣ್ಣು ಹಿಟ್ಟಿನಂತೆ ಬಿಚ್ಚಿಕೊಂಡಿತು, ಒಂದೊಂದು ಹೆಂಟೆಯಲ್ಲಿ ನಾಲ್ಕು ಎರೆಹುಳ. ಮಳೆ ಬಂದರೆ ನೀರು ಹಳ್ಳಕ್ಕೆ ಓಡದೆ ನಿಂತಲ್ಲೇ ಇಂಗತೊಡಗಿತು. ಒಂದು ವರ್ಷ ಬಿತ್ತಿದ ಮೇಲೆ ಇಪ್ಪತ್ತೆರಡು ದಿನ ಮಳೆ ಕೈ ಕೊಟ್ಟಿತು. ಅಕ್ಕಪಕ್ಕದ ಶೇಂಗಾ ಹತ್ತು ಗಂಟೆಗೇ ತಲೆ ಇಳಿಬಿಟ್ಟರೆ ದೇವವ್ವನದು ಮಧ್ಯಾಹ್ನದ ತನಕ ಹಸಿರಾಗಿ ನಿಂತಿತ್ತು. ಆ ವರ್ಷದ ಶೇಂಗಾ ಬಳ್ಳಿ ಕಿತ್ತಾಗ ಮಮತಾ ಒಂದು ಬಳ್ಳಿಯ ಕಾಯಿಯನ್ನು ಎಣಿಸಿ ಎಣಿಸಿ ಸುಸ್ತಾಗಿ, ಅದನ್ನು ಹೆಗಲಿಗೆ ಹಾಕಿಕೊಂಡು ಹಾಗೆಯೇ ಊರಲ್ಲಿ ನಡೆದು ಬಂದಳು. ಶಿರಹಟ್ಟಿ ಕಡೆಯಿಂದಲೂ ಮಂದಿ ಬಂದು ನೋಡಿಹೋದರು. ಹೊಲ ಉತ್ತಮ ಎಂದು ಕೃಷಿ ಇಲಾಖೆಯವರು ಬರೆದುಕೊಟ್ಟ ಮಣ್ಣು ಪರೀಕ್ಷೆಯ ಕಾರ್ಡಿಗೆ ದೇವವ್ವ ಚೌಕಟ್ಟು ಹಾಕಿಸಿ ದೇವರ ಫೋಟೊದ ಪಕ್ಕದಲ್ಲಿ ತೂಗುಹಾಕಿದಳು.

ಅಷ್ಟು ಹೊತ್ತಿಗೆ ಅವಳ ಎಡ ಸೊಂಟ ಹೋಗಿತ್ತು. ನಡೆದರೆ ಒಂದು ಕಡೆಗೆ ವಾಲುತ್ತಿದ್ದಳು. ಮಮತಾಳಿಗೆ ಇಪ್ಪತ್ತೈದು ದಾಟಿತ್ತು. ಬಂದ ಎರಡು ಸಂಬಂಧಗಳಲ್ಲಿ ಒಬ್ಬರು ಹುಡುಗಿ ಕಲಿತಿಲ್ಲ ಎಂದರು, ಇನ್ನೊಬ್ಬರು ಬಿಸಿಲಿಗೆ ಕರಿದಾಗಿದ್ದಾಳೆ ಎಂದರು. ಹೋಗಲಿ ಬಿಡು, ನನ್ನ ಮಗಳಿಗೆ ಸ್ವಂತ ಹೊಲ ಇದೆ ಎಂದು ದೇವವ್ವ ಅವರ ಹಿಂದೆಯೇ ಬಾಗಿಲು ಹಾಕಿಕೊಂಡಿದ್ದಳು.

ಅತ್ತ ಯರಿ ಹೊಲದ ಕಥೆ ಉಲ್ಟಾ. ಹದಿನಾಲ್ಕು ವರ್ಷದಲ್ಲಿ ಲಾವಣಿದಾರರು ಮೂರು ಮಂದಿ ಬದಲಾಗಿದ್ದರು. ಮುಂದಿನ ವರ್ಷ ಹೊಲ ತನ್ನ ಕೈಯಲ್ಲಿ ಇರುತ್ತದೋ ಇಲ್ಲವೋ ಗೊತ್ತಿಲ್ಲದವನು ಅದಕ್ಕೆ ಗೊಬ್ಬರ ಹೊರಿಸುತ್ತಾನೆಯೇ? ಹತ್ತಿಯ ಮೇಲೆ ಹತ್ತಿ ಹಾಕಿ, ಚೀಲದ ಗೊಬ್ಬರ ಸುರಿದು, ಹಿಂಡುವಷ್ಟು ಹಿಂಡಿ ಬಿಟ್ಟುಹೋದರು. ನೆಲ ಕಾವಲಿಯಂತಾಗಿತ್ತು. ಆದರೂ ಹೆಸರು ದೊಡ್ಡದು. ಊರಿನ ಬಾಯಲ್ಲಿ ಅದು ಇನ್ನೂ ಬಂಗಾರದ ಯರಿಯೇ.

ಹೋದ ವರ್ಷದ ಹಿಂದಿನ ದೀಪಾವಳಿಗೆ ಬಂದ ಸುಭಾಷ, ಗದಗಿನಲ್ಲಿ ಮನೆ ಕಟ್ಟಬೇಕೆಂದಿದ್ದೇನೆ, ಯುಗಾದಿಗೆ ಹೊಲ ಪಾಲು ಮಾಡಿಕೊಂಡುಬಿಡೋಣ ಎಂದ. ಈ ಕಡೆ ಪಾಲಿನ ಪದ್ಧತಿ ನಿಮಗೆ ಗೊತ್ತಿರಬಹುದು. ಹಿರಿಯರ ಕಡೆಯವರು ಪಾಲು ಮಾಡಬೇಕು, ಕಿರಿಯರು ಮೊದಲು ಆರಿಸಿಕೊಳ್ಳಬೇಕು. ಕುಬೇರಪ್ಪ ಇಲ್ಲದ್ದರಿಂದ ಪಾಲು ಮಾಡುವ ಕೆಲಸ ದೇವವ್ವನದು, ಆರಿಸುವ ಹಕ್ಕು ಸುಭಾಷನದು.

ಊರ ಹಿರಿಯ ಅಂದಾನಪ್ಪ ಅವಳನ್ನು ಕರೆದು ಬುದ್ಧಿ ಹೇಳಿದ. ಎರಡೂ ಹೊಲವನ್ನು ಉದ್ದಕ್ಕೆ ಸೀಳು, ಇಬ್ಬರಿಗೂ ಅರ್ಧ ಯರಿ ಅರ್ಧ ಮಸಾರಿ ಬರಲಿ, ಯಾರಿಗೂ ನಷ್ಟವಿಲ್ಲ ಎಂದ. ಒಳ್ಳೆಯ ಮಾತು. ದೇವವ್ವನಿಗೆ ಅದು ಹಿಡಿಸಲಿಲ್ಲ. ಮಸಾರಿಯ ಅರ್ಧ ಯಾಕೆ ಬಿಡಬೇಕು? ಹದಿನಾಲ್ಕು ವರ್ಷ ಅದರಲ್ಲಿ ಒಂದು ಬುಟ್ಟಿಯನ್ನಾದರೂ ಸುಭಾಷ ಹೊತ್ತಿದ್ದಾನೆಯೇ? ಯರಿ ಒಂದು ಪಾಲು, ಮಸಾರಿ ಒಂದು ಪಾಲು ಮಾಡಿದರೆ ಅವನು ಯರಿಗೇ ಕೈ ಹಾಕುತ್ತಾನೆ, ಯರಿಯ ಹೆಸರು ಕೇಳಿದವರು ಯಾರಾದರೂ ಅದನ್ನೇ ಮಾಡುತ್ತಾರೆ, ಇಡೀ ಮಸಾರಿ ಮಮತಾಳಿಗೆ ಉಳಿಯುತ್ತದೆ ಎಂದು ಅವಳ ಲೆಕ್ಕ. ಮಮತಾ ಬೇಡವೆಂದಳು. ಅರ್ಧ ಸಿಕ್ಕರೂ ಸಾಕು ಯವ್ವಾ, ಜೂಜು ಬೇಡ ಎಂದಳು. ತಾಯಿ ಕಿವಿಗೆ ಹಾಕಿಕೊಳ್ಳಲಿಲ್ಲ.

ಹಾಕಿಕೊಳ್ಳದ್ದು ಅಷ್ಟೇ ಅಲ್ಲ, ಇನ್ನೊಂದು ಮಾಡಿದಳು. ಗೋಡೆಯ ಕಾರ್ಡನ್ನು ಇಳಿಸಿ ಜೋಳದ ಕಣಜದ ಹಿಂದೆ ಇಟ್ಟಳು. ಸಿಕ್ಕಸಿಕ್ಕವರ ಮುಂದೆ ಮಸಾರಿ ಸತ್ತುಹೋಗಿದೆ, ಏನೂ ಬೆಳೆಯುವುದಿಲ್ಲ ಎಂದು ಅಲವತ್ತುಕೊಂಡಳು. ಹಿಂಗಾರಿಗೆ ಅದನ್ನು ಬಿತ್ತದೆ ಬೀಳು ಬಿಟ್ಟಳು. ಪಾಲಿನ ಹೊತ್ತಿಗೆ ಬರಡಾಗಿ ಕಾಣಲಿ ಎಂದು. ಇದನ್ನು ಏನೆನ್ನಬೇಕು? ಇಡೀ ಆಯುಷ್ಯ ಮಣ್ಣಿನೊಡನೆ ಕಳೆದವಳಿಗೆ, ಸತ್ತ ಹೊಲದಲ್ಲಿ ಕಸವೂ ಏಳುವುದಿಲ್ಲ ಎಂಬುದು ತಿಳಿಯದೇ ಹೋಯಿತು. ಬೀಳು ಬಿಟ್ಟ ಮಸಾರಿಯಲ್ಲಿ, ಆ ಚಳಿಗಾಲದ ಒಂದೆರಡು ಅಡ್ಡಮಳೆಗೇ, ಎದೆಯೆತ್ತರ ಕಸ ಬೆಳೆದು ನಿಂತಿತು. ಬೇಸಿಗೆಯ ಬಾಯಲ್ಲೂ ಹಸಿರು.

ಸುಭಾಷನಿಗೆ ಹೊಲದ ಗಂಧಗಾಳಿ ಇರಲಿಲ್ಲ, ಅವನಿಗೆ ಅದು ಹೊಳೆಯುತ್ತಲೂ ಇರಲಿಲ್ಲ. ಆದರೆ ಪಾಲಿನ ಹಿಂದಿನ ವಾರ ಅವನು ಹೊಲ ನೋಡಲು ಬಂದಾಗ ಜೊತೆಗೆ ಗೆಳೆಯ ಸುನಿಲಕುಮಾರನೂ ಬಂದಿದ್ದ. ಗದಗಿನ ಹೊಸ ಬಡಾವಣೆಗಳಲ್ಲಿ ಮನೆ ಮುಂದಿನ ತೋಟಕ್ಕೆ, ಹುಲ್ಲುಹಾಸಿಗೆ ಮಣ್ಣು ತುಂಬಿಸಿಕೊಡುವ ಗುತ್ತಿಗೆ ಅವನದು. ಅವನು ಕಸದ ನಡುವೆ ಇಳಿದು, ಕಾಲಿನಿಂದ ಕೆದರಿ, ಕೂತು ಎರಡೂ ಕೈಯಲ್ಲಿ ಮಣ್ಣು ಎತ್ತಿದ್ದನ್ನು ಪಕ್ಕದ ಹೊಲದವರು ನೋಡಿದ್ದಾರೆ. ಏನು ಮಾತಾಡಿದರೋ ಅವರಿಗೆ ಕೇಳಿಸಲಿಲ್ಲ.

ಯುಗಾದಿಯ ಮಾರನೆಯ ದಿನ ಅಂದಾನಪ್ಪನ ಪಡಸಾಲೆಯಲ್ಲಿ ಐದು ಮಂದಿ ಹಿರಿಯರು ಕೂತರು. ದೇವವ್ವ ಕಂಬಕ್ಕೆ ಒರಗಿ, ಸೆರಗು ಹೊದ್ದು, ಪಾಲು ಎರಡೇ, ಯರಿ ಒಂದು, ಮಸಾರಿ ಒಂದು ಎಂದಳು. ಅಂದಾನಪ್ಪ ಎರಡು ಸಲ ಖರೆಯೇನವ್ವಾ ಎಂದು ಕೇಳಿದ. ಖರೆ ಎಂದಳು. ಸುಭಾಷ ಚಹಾದ ಕಪ್ಪು ಕೆಳಗಿಟ್ಟ.

“ನನಗ ಮಸಾರಿ ಇರ್ಲಿರಿ,” ಎಂದ.

ಮಸಾರಿ ಎಷ್ಟೇ ಬೆಳೆದಿದ್ದರೂ ಊರಿನ ತೂಕದಲ್ಲಿ ಯರಿಯೇ ದೊಡ್ಡದು, ಅಲ್ಲಿ ಕೂತವರು ನಕ್ಕರು. ಪಾಪ, ವಿಧವೆ ಅತ್ತಿಗೆಗೆ ಬಂಗಾರದ ಯರಿ ಬಿಟ್ಟುಕೊಟ್ಟ, ದೊಡ್ಡ ಮನಸ್ಸು ಎಂದರು. ದೇವವ್ವ ಏನಾದರೂ ಹೇಳಬೇಕೆಂದು ಬಾಯಿ ತೆರೆದಳು. ಏನು ಹೇಳುವುದು? ತಿಂಗಳುಗಟ್ಟಲೆ ಸತ್ತ ಹೊಲ ಎಂದು ಊರೆಲ್ಲ ಸಾರಿದವಳು ಈಗ ಅದೇ ನನಗೆ ಬೇಕು ಎಂದರೆ ಕೇಳುವವರು ಯಾರು? ಹೆಬ್ಬೆಟ್ಟಿಗೆ ಮಸಿ ಹಚ್ಚಿದರು. ಒತ್ತಿ ಬಂದಳು.

ಆಮೇಲೆ ಎರಡು ಸಲ ಗದಗಿಗೆ ಹೋಗಿ ಸುಭಾಷನ ಕಾಲು ಕಟ್ಟಿಕೊಳ್ಳುವುದೊಂದು ಬಾಕಿ ಇಟ್ಟು ಬೇಡಿದಳು. ಅದಲುಬದಲು ಮಾಡಿಕೋ, ಮೇಲೆ ಬೇಕಾದರೆ ಎಮ್ಮೆ ಹೊಡೆದುಕೊಂಡು ಹೋಗು ಎಂದಳು. ಹಿರಿಯರ ಮುಂದೆ ಆದ ಮಾತು ವೈನಿ, ಈಗ ತಿರುವಿದರೆ ಮಂದಿ ಏನಂದಾರು ಎಂದು ಅವನು ಊಟ ಮಾಡಿಸಿ ಕಳಿಸಿದ. ಇರಲಿ, ಅವನೇ ಬಿತ್ತಿಕೊಳ್ಳಲಿ, ಮಣ್ಣಂತೂ ಜೀವಂತ ಇರುತ್ತದೆ ಎಂದು ಬಸ್ಸಿನಲ್ಲಿ ಕೂತು ತನಗೆ ತಾನೇ ಸಮಾಧಾನ ಹೇಳಿಕೊಂಡಳು. ಮಮತಾ ಹತ್ತು ದಿನ ತಾಯಿಯ ಮುಖ ನೋಡಿ ಮಾತಾಡಲಿಲ್ಲ.

ಮೇ ತಿಂಗಳ ಒಂದು ಮುಂಜಾನೆ ಜೆಸಿಬಿಯ ಸದ್ದು ಕೇಳಿಸಿತು. ಓಡಿ ಹೋಗುವ ಸೊಂಟವಲ್ಲ ಅವಳದು. ಮಮತಾಳ ಭುಜ ಹಿಡಿದು ವಾಲುತ್ತ ಹೋಗಿ ನೋಡಿದರೆ ಹೊಲದ ಒಂದು ಪಕ್ಕ ಆಗಲೇ ಮುಗಿದಿತ್ತು. ಯಂತ್ರ ಒಂದು ಮೊಳದಷ್ಟು ಮೇಲುಮಣ್ಣನ್ನು ಬಾಚಿ ಬಾಚಿ ಟಿಪ್ಪರಿಗೆ ತುಂಬುತ್ತಿತ್ತು. ಒಡ್ಡಿನ ಕಲ್ಲುಗಳು ಒಂದು ಮೂಲೆಗೆ ಬಿದ್ದಿದ್ದವು. ಮಣ್ಣು ಹೋದಲ್ಲಿ ಬೆಳ್ಳಗೆ ಗರಸು ತೇಲಿತ್ತು, ಅವಳು ಸೊಸೆಯಾಗಿ ಬಂದಾಗ ಇದ್ದ ಹಾಗೆಯೇ. ಬಗೆದ ಮಣ್ಣಿನಲ್ಲಿ ಹೊರಳಾಡುವ ಎರೆಹುಳಗಳಿಗೆ ಕಾಗೆ, ಬೆಳ್ಳಕ್ಕಿ ಮುಗಿಬಿದ್ದಿದ್ದವು. ದೇವವ್ವ ಸುಭಾಷನ ಅಂಗಿ ಹಿಡಿದುಕೊಂಡಳು.

“ಏನ ಮಾಡಾಕತ್ತೀಯೋ ತಮ್ಮಾ? ನನ್ನ ಜೀವಾನ ಹೊತ್ತು ಹಾಕೇನೋ ಅದಕ್ಕ.”

ಸುಭಾಷ ಗಾಬರಿಯಾದ. ಅವನು ಕೆಟ್ಟವನಲ್ಲ, ಅದೇ ಇಲ್ಲಿಯ ಕಷ್ಟ. ಮನೆಯ ಅಡಿಪಾಯಕ್ಕೆ ಬೇಕಿತ್ತು, ಮಣ್ಣಿಗೆ ಗಿರಾಕಿ ಬಂದ, ಕೊಟ್ಟ.

“ಹೊಲಾ ಎಲ್ಲಿ ಹೊಕ್ಕೈತ್ರಿ ವೈನಿ? ಹೊಲಾ ಇಲ್ಲೇ ಇರ್ತೈತಿ,” ಎಂದ. “ಮ್ಯಾಲಿನ ಮಣ್ಣಷ್ಟ ಹೊಕ್ಕೈತಿ.”

ಅವಳು ಅಂಗಿ ಬಿಟ್ಟಳು. ಇವನಿಗೆ ಹೇಳಿ ತಿಳಿಸುವುದಕ್ಕೆ ಮತ್ತೆ ಹದಿನಾಲ್ಕು ವರ್ಷ ಬೇಕು ಎನಿಸಿತು. ಅವನು, ಬೇಜಾರಾಗಬೇಡಿ, ನಿಮ್ಮ ಯರಿಗೂ ನಾಲ್ಕು ಟಿಪ್ಪರ್ ಹಾಕಿಸುತ್ತೇನೆ, ದುಡ್ಡು ಬೇಡ ಎಂದ. ಅವಳದೇ ಮಣ್ಣನ್ನು ಅವಳಿಗೇ ದಾನ ಕೊಡುವ ಮಾತು. ಮುಖಕ್ಕೆ ಉಗಿಯಬೇಕು ಎಂದು ನಿಮಗೆ ಅನಿಸುತ್ತದೆ, ನನಗೂ ಅನಿಸುತ್ತದೆ. ದೇವವ್ವ ಟಿಪ್ಪರಿನ ಅಂಚಿನಿಂದ ಉದುರುತ್ತಿದ್ದ ಮಣ್ಣನ್ನು ನೋಡಿದಳು. ಹಾಕಿಸು ಎಂದಳು.

ಸಂಜೆಯ ಹೊತ್ತಿಗೆ ಯರಿ ಹೊಲದ ಅಂಚಿಗೆ ನಾಲ್ಕು ಗುಡ್ಡೆ ಬಿದ್ದವು. ನಾಲ್ಕು ಎಕರೆಗೆ ನಾಲ್ಕು ಗುಡ್ಡೆ, ಅದು ಯಾವ ಮೂಲೆಗೆ? ಆದರೂ ಮಾರನೆಯ ದಿನ ನಸುಕಿನಲ್ಲಿ ಅವಳು ಎದ್ದು ಬುಟ್ಟಿ, ಸಲಿಕೆ ಹಿಡಿದು ಹೊರಟಳು. ಕರೆಯಲಿಲ್ಲ. ಮಮತಾ ತಾನಾಗಿಯೇ ಹಿಂದೆ ಬಂದಳು.

ಮಮತಾ ಮೊದಲ ಬುಟ್ಟಿ ತುಂಬಿಕೊಂಡು, ಒಂದು ಕೈ ಸೊಂಟಕ್ಕೆ ಕೊಟ್ಟು, ಯವ್ವಾ ಎಂದು ನರಳಿ ಎದ್ದಳು. ಮುದುಕಿಯರು ಏಳುವ ಹಾಗೆ. ಎರಡು ಹೆಜ್ಜೆ ಇಟ್ಟಳು, ಎಡಕ್ಕೆ ವಾಲಿದಳು. ದೇವವ್ವ ಅದನ್ನು ಆವತ್ತೇ ಮೊದಲ ಸಲ ನೋಡಿದಳು. ಅದೆಷ್ಟು ವರ್ಷದಿಂದ ಹಾಗೆ ನಡೆಯುತ್ತಿದ್ದಳೋ, ತಾಯಿ ಮಣ್ಣು ನೋಡುತ್ತಿದ್ದಳು, ಮಗಳನ್ನು ನೋಡಿರಲಿಲ್ಲ. ಇಪ್ಪತ್ತಾರು ವರ್ಷದ ಹುಡುಗಿ. ದೇವವ್ವ ಬುಟ್ಟಿಯ ಅಂಚಿಗೆ ಕೈ ಹಾಕಿದಳು.

“ಇಳಸು,” ಎಂದಳು. “ತಪ್ಪಾತು, ನನ್ನವ್ವಾ. ಸಾಕು, ಇಳಸು. ಈ ಮಣ್ಣಿಗೆ ನಿನ್ನನ್ನ ಹಾಕಿಬಿಟ್ಟೆ ನಾ. ಇನ್ನ ಬ್ಯಾಡ. ಮನಿಗಿ ನಡಿ.”

ಮಮತಾ ಬುಟ್ಟಿ ಇಳಿಸಲಿಲ್ಲ. ನಡೆದು ಹೋಗಿ ಯರಿಯ ಬಿರುಕಿನಲ್ಲಿ ಮಣ್ಣು ಸುರಿದು, ಬರಿದಾದ ಬುಟ್ಟಿಯನ್ನು ಎರಡು ಸಲ ಬಡಿದು, ತಿರುಗಿ ಬಂದು ಗುಡ್ಡೆಯ ಮುಂದೆ ಇಟ್ಟಳು. ಅವಳ ದನಿಯಲ್ಲಿ ಸಿಟ್ಟೂ ಇರಲಿಲ್ಲ.

“ಮನಿಗಿ ಹೋಗಿ ಏನ್ ಮಾಡ್ಲಿ ಯವ್ವಾ?” ಎಂದಳು. “ನನಗ ಬ್ಯಾರೆ ಏನ್ ಮಾಡಾಕ ಬರ್ತೈತಿ?”

ಮಗಳು ಬುಟ್ಟಿಯ ಮೇಲೆ ಕಣ್ಣಿಟ್ಟು ಕಾಯುತ್ತಿದ್ದಳು. ಬಿಸಿಲು ಏರುತ್ತಿತ್ತು. ದೇವವ್ವ ಸಲಿಕೆ ಹಿಡಿದು, ಬಗ್ಗಿ ಬುಟ್ಟಿಗೆ ಮಣ್ಣು ತುಂಬಿದಳು.